ಟಾಯ್ ಕೊಟ್ಟ ರಾಜೀನಾಮೆ

ಸೆಮಿಟಿಕ್ ಭಾಷೆಗಳ ವಿದ್ವಾಂಸ, ದೇವತಾಶಾಸ್ತ್ರಜ್ಞ ಕ್ರಾಫರ್ಡ್ ಹೋವೆಲ್ ಟಾಯ್ 1879ರಲ್ಲಿ ಅಮೆರಿಕದ ಲೂಯಿವಿಲ್‌ನ ಸದರ್ನ್ ಬ್ಯಾಪ್ಟಿಸ್ಟ್ ಸೆಮಿನರಿ ಎಂಬ ಧಾರ್ಮಿಕ ವಿದ್ಯಾಲಯದ ಅಧ್ಯಾಪಕ ಹುದ್ದೆಯಿಂದ ಹೊರಬಿದ್ದದ್ದನ್ನು ನಂಬಿಕೆಯ ಕುಸಿತವೆಂದು ಬಗೆಯುವುದು ತಪ್ಪು. ತಕರಾರು ಎದ್ದದ್ದು ಬೈಬಲ್ಲನ್ನು ಓದುವ ಬಗೆಯ ಮೇಲೆ. ಅದರ ಮೊದಲ ಅಧ್ಯಾಯ ಸೃಷ್ಟಿಗೆ ಆರು ದಿನ ಎನ್ನುತ್ತದೆ, ಭೂವಿಜ್ಞಾನ ಯುಗಯುಗಗಳ ಲೆಕ್ಕ ಕೊಡುತ್ತದೆ. ಎರಡನ್ನೂ ಹೊಂದಿಸಲು ಅಂದಿನ ಎಷ್ಟೋ ಪಂಡಿತರು ದಿನವನ್ನೇ ಯುಗವಾಗಿ ಹಿಗ್ಗಿಸಿದರು. ಟಾಯ್ ಕೂಡ ಮೊದಲು ಆ ದಾರಿ ಹಿಡಿದು ಆಮೇಲೆ ಬಿಟ್ಟರು. ಹೀಬ್ರೂ ಪಠ್ಯ ಏನು ಹೇಳುತ್ತದೋ ಅದನ್ನೇ ಹೇಳಗೊಡಬೇಕು, ಬರೆದವರ ಭೌತಿಕ ತಿಳಿವಳಿಕೆ ಅವರ ಕಾಲದ್ದು, ಅದರಿಂದ ಧಾರ್ಮಿಕ ಬೋಧನೆಯ ಬೆಲೆ ಕುಗ್ಗುವುದಿಲ್ಲ ಎಂಬುದು ಅವರ ನಿಲುವು. ಗ್ರಂಥವನ್ನು ಇದಕ್ಕಿಂತ ಗೌರವದಿಂದ ಓದುವುದು ಹೇಗೆ? ಧರ್ಮಸಭೆ ನಡೆಸುವ ಸಂಸ್ಥೆ ತನ್ನ ತತ್ವಕ್ಕೆ ಬದ್ಧರಾದ ಅಧ್ಯಾಪಕರನ್ನೇ ಬಯಸುವುದು ಸಹಜವಲ್ಲವೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಟಾಯ್ ಏನನ್ನೂ ಮುಚ್ಚಿಡಲಿಲ್ಲ. ತಮ್ಮ ಬೋಧನೆ ಸಂಸ್ಥೆಯ ತತ್ವಗಳನ್ನು ಮೀರಿಲ್ಲವೆಂದು ವಾದಿಸುತ್ತಲೇ ರಾಜೀನಾಮೆ ಪತ್ರವನ್ನು ಆಡಳಿತ ಮಂಡಳಿಯ ಮುಂದಿಟ್ಟರು. ಮಂಡಳಿ ಅದನ್ನು ಅಂಗೀಕರಿಸಿತು. ನಷ್ಟ ಸೆಮಿನರಿಯದ್ದೇ: ಮರುವರ್ಷವೇ ಹಾರ್ವರ್ಡ್ ಅವರನ್ನು ಹೀಬ್ರೂ ಪ್ರಾಧ್ಯಾಪಕರನ್ನಾಗಿ ಕರೆಸಿಕೊಂಡಿತು, 1909ರವರೆಗೆ ಅವರು ಅಲ್ಲೇ ಪಾಠ ಹೇಳಿದರು, 1899ರಲ್ಲಿ ಬೈಬಲ್ಲಿನ ಜ್ಞಾನೋಕ್ತಿಗಳ ಗ್ರಂಥದ ಮೇಲೆ ದೊಡ್ಡ ವ್ಯಾಖ್ಯಾನವನ್ನೇ ಪ್ರಕಟಿಸಿದರು.