ಎತ್ತಿದ ಕೈ ಇಳಿದ ಗಳಿಗೆ

2016ರಲ್ಲಿ ತೆರೆಕಂಡ ಜ್ಯಾಕ್ ಸ್ನೈಡರ್ ನಿರ್ದೇಶನದ ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ಚಿತ್ರವನ್ನು ವಿಮರ್ಶಕರು ಹಿಗ್ಗಾಮುಗ್ಗಾ ಜರೆದರು. ಕಥೆ ಜಾಳು, ಅವಧಿ ದೀರ್ಘ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ‘ಮಾರ್ಥಾ’ ಎಂಬ ಹೆಸರು ಕೇಳಿ ಬ್ಯಾಟ್‌ಮನ್ನನ ಈಟಿ ತಡೆದು ನಿಂತ ದೃಶ್ಯವನ್ನು ನಗೆಪಾಟಲು ಮಾಡಿದ್ದನ್ನು ಒಪ್ಪಲಾರೆ. ಗುಂಡೇಟು ತಿಂದ ಅವನ ತಂದೆಯ ಕೊನೆಯ ಮಾತೂ ಅದೇ ಹೆಸರಲ್ಲವೇ? ಇಬ್ಬರ ತಾಯಂದಿರ ಹೆಸರು ಒಂದೇ ಆಗಿರುವುದು ನೆಪ ಮಾತ್ರ; ತಾನು ಕೊಲ್ಲಹೊರಟ ಅನ್ಯಗ್ರಹದವನಿಗೂ ತಾಯಿಯೊಬ್ಬಳಿದ್ದಾಳೆಂಬ ಅರಿವೇ ಅಲ್ಲಿ ಮುಖ್ಯ.

ಒಮ್ಮೆ ತರಗತಿಯಲ್ಲಿ ನಾನು ಬೆತ್ತವೆತ್ತಿದಾಗ ಹುಡುಗನೊಬ್ಬ ‘ಅಮ್ಮಾ’ ಎಂದು ಚೀರಿದ. ಕೈ ಅಲ್ಲಿಯೇ ನಿಂತಿತು. ಆ ಬಳಿಕ ನಾನು ಬೆತ್ತ ಹಿಡಿಯಲಿಲ್ಲ. ಶಿಷ್ಯಮಿತ್ರರೇ, ಈ ದೃಶ್ಯಕ್ಕೆ ನಗುವವರು ನಗಲಿ, ನನ್ನಿಂದಾಗದು.