ಕುದುರೆಮುಖ ಕಂಪನಿಯ ನಷ್ಟ ನಮ್ಮ ತಲೆನೋವೂ ಹೌದು

ಕೆಐಒಸಿಎಲ್ ಅಂದರೆ ನಮ್ಮಲ್ಲಿ ಎಷ್ಟೋ ಜನ ಯಾವುದದು ಎಂದು ಕೇಳುತ್ತಾರೆ. ಕುದುರೆಮುಖ ಕಂಪನಿ ಅಂದರೆ ಕಳಸ, ಸಂಸೆ, ಬಾಳೆಹೊಳೆ ಕಡೆ ಮಕ್ಕಳಿಗೂ ಗೊತ್ತು. ಆ ಕಂಪನಿ 2025ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸುಮಾರು 205 ಕೋಟಿ ರೂಪಾಯಿ ನಷ್ಟ ತೋರಿಸಿದೆ. ಅದರ ಹಿಂದಿನ ವರ್ಷ 83 ಕೋಟಿ, ಅದಕ್ಕೂ ಹಿಂದಿನ ವರ್ಷ ಸುಮಾರು 98 ಕೋಟಿ. ಮೂರು ವರ್ಷದ್ದು ಕೂಡಿದರೆ 385 ಕೋಟಿ ದಾಟುತ್ತದೆ.

ಗಣಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು, ಅವರ ಲಾಭ ನಷ್ಟ ಕಟ್ಟಿಕೊಂಡು ನಮಗೇನು ಎಂದು ನೀವು ಕೇಳಬಹುದು. ಗಣಿ ಮುಚ್ಚಿದ್ದು ನಿಜ, ಆದರೆ ಗಣಿ ಬಿಟ್ಟುಹೋದದ್ದು ಎಲ್ಲಿಗೂ ಹೋಗಿಲ್ಲ. ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ ಸುಮಾರು 100 ಮೀಟರ್ ಎತ್ತರದ ಒಡ್ಡು ಅಲ್ಲೇ ನಿಂತಿದೆ. ಅದರ ಹಿಂದೆ ಇಪ್ಪತ್ತೈದು ವರ್ಷ ಅದಿರು ತೊಳೆದು ಬಿಟ್ಟ ಕೆಸರು ತುಂಬಿದೆ. ಸಾಮಾನ್ಯವಾಗಿ ಹೇಳುವ ಲೆಕ್ಕ 15 ಕೋಟಿ ಟನ್. ಲಕ್ಯಾ ಸೇರುವುದು ಭದ್ರೆಗೆ. ಭದ್ರೆ ಇಳಿದು ಬರುವುದು ಕಳಸದ ಕಡೆಗೆ, ಹೆಬ್ಬಾಳೆ ಸೇತುವೆಗೆ, ಬಾಳೆಹೊಳೆಗೆ, ಬಾಳೆಹೊನ್ನೂರಿಗೆ, ಕೊನೆಗೆ ಲಕ್ಕವಳ್ಳಿಯ ಜಲಾಶಯಕ್ಕೆ. ಆ ಒಡ್ಡನ್ನು ಕಟ್ಟಿದವರ ಜೇಬು ಖಾಲಿಯಾಗುತ್ತಿದೆಯೋ ತುಂಬುತ್ತಿದೆಯೋ ಎಂಬುದು ಹೊಳೆ ಬದಿಯ ನಮಗೆ ಬೇಕಾದ ಸುದ್ದಿ.

ಹಾಗಾಗಿ ಈ ಸಲ ಕಂಪನಿಯ ಲೆಕ್ಕವನ್ನು ತೋಟದ ಲೆಕ್ಕದ ಹಾಗೆ ಓದೋಣ.

ಮೊದಲು ಸ್ವಲ್ಪ ಹಳೇ ಕತೆ. ಇಲ್ಲಿ ಕಬ್ಬಿಣದ ಅದಿರಿದೆ ಎಂದು 1913ರಲ್ಲೇ ಗುರುತಿಸಿದವರು ಮೈಸೂರು ಭೂವಿಜ್ಞಾನ ಇಲಾಖೆಯ ಸಂಪತ್ ಅಯ್ಯಂಗಾರ್. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ, ಜಾಗ ದುರ್ಗಮ, ಮಳೆ ವಿಪರೀತ. ಆರು ದಶಕ ಯಾರೂ ಮುಟ್ಟಲಿಲ್ಲ. 1975ರಲ್ಲಿ ಇರಾನಿನ ಷಾ ಸರ್ಕಾರ 63 ಕೋಟಿ ಡಾಲರ್ ಸಾಲ ಕೊಡುವುದಾಗಿ, ಅದಿರನ್ನು ತಾನೇ ಕೊಳ್ಳುವುದಾಗಿ ಒಪ್ಪಿತು. 1976ರ ಏಪ್ರಿಲ್‌ನಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟ. 1980ರಲ್ಲಿ ಇಲ್ಲಿ ಗಣಿ ಸಿದ್ಧವಾಗಿ ನಿಂತಾಗ ಕೊಳ್ಳುವವನೇ ಇರಲಿಲ್ಲ. ಒಬ್ಬನೇ ಸಾಹುಕಾರನನ್ನು ನಂಬಿ ಬೆಳೆ ತೆಗೆದವನ ಪಾಡು.

ಆಮೇಲೆ ಬೇರೆ ದೇಶಗಳಿಗೆ ಮಾರಿದರು. ತೊಳೆದ ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸುತ್ತಿದ್ದರು. ಅಲ್ಲಿ ಪಣಂಬೂರಿನಲ್ಲಿ ಪುಡಿಯನ್ನು ಗೋಲಿಯಂಥ ಉಂಡೆ ಮಾಡುವ ಕಾರ್ಖಾನೆಯನ್ನೂ ಹಾಕಿದರು. ಅದೇ ಪೆಲೆಟ್. 1999ಕ್ಕೆ ಗಣಿ ಗುತ್ತಿಗೆ ಮುಗಿಯಿತು. ಸುತ್ತಲಿನ ಕಾಡು ಅಷ್ಟರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಗಿತ್ತು. ಕೆ.ಎಂ. ಚಿಣ್ಣಪ್ಪ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2002ರ ಅಕ್ಟೋಬರ್ 30ರಂದು ತೀರ್ಪು ಕೊಟ್ಟು, 2005ರ ಕೊನೆಗೆ ಗಣಿ ನಿಲ್ಲಬೇಕು ಎಂದಿತು. ನಿಂತಿತು.

ಇಲ್ಲಿಂದ ಮುಂದಿನದ್ದು ತೋಟದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಒಬ್ಬ ಬೆಳೆಗಾರನ ತೋಟ ಹೋಯಿತು. ಪಲ್ಪರ್ ಉಳಿಯಿತು, ಕಣ ಉಳಿಯಿತು, ಆಳುಗಳು ಉಳಿದರು. ಅವನು ಏನು ಮಾಡುತ್ತಾನೆ? ಊರವರಿಂದ ಹಣ್ಣು ಕೊಂಡು ತಂದು, ಪಲ್ಪ್ ಮಾಡಿ, ಒಣಗಿಸಿ ಮಾರುತ್ತಾನೆ. ಕುದುರೆಮುಖ ಕಂಪನಿ 2006ರಿಂದ ಮಾಡುತ್ತಿರುವುದು ಇದನ್ನೇ. ಛತ್ತೀಸಗಢದ ಬೈಲಾಡಿಲದ ಅದಿರು ರೈಲಿನಲ್ಲಿ ವಿಶಾಖಪಟ್ಟಣಕ್ಕೆ, ಅಲ್ಲಿಂದ ಹಡಗಿನಲ್ಲಿ ಇಡೀ ದಕ್ಷಿಣ ಭಾರತ ಸುತ್ತಿ ಮಂಗಳೂರಿಗೆ. ಉಂಡೆ ಕಟ್ಟಿ ಮತ್ತೆ ಹಡಗು ಹತ್ತಿಸಿ ವಿದೇಶಕ್ಕೆ. ಹಣ್ಣಿನ ದರ ಅವನ ಕೈಯಲ್ಲಿಲ್ಲ, ಬೀಜದ ದರವೂ ಕೈಯಲ್ಲಿಲ್ಲ. ನಡುವೆ ಲಾರಿ ಬಾಡಿಗೆ ಮಾತ್ರ ಖಾತ್ರಿ.

ಆದರೂ ದರ ಏರಿದ ವರ್ಷ ಯಾರಿಗಾದರೂ ಲಾಭವೇ. 2020–21ರಲ್ಲಿ ಜಗತ್ತಿನಲ್ಲಿ ಕಬ್ಬಿಣಕ್ಕೆ ಬಂಗಾರದ ಕಾಲ ಬಂದಾಗ ಕಂಪನಿಗೆ 301 ಕೋಟಿ ಲಾಭ. ಮರುವರ್ಷ 313 ಕೋಟಿ. ಆ ವರ್ಷ ಕಂಪನಿಯ ಆದಾಯ ಸುಮಾರು 3,000 ಕೋಟಿ. ಕಾರ್ಖಾನೆಗೆ ವರ್ಷಕ್ಕೆ 35 ಲಕ್ಷ ಟನ್ ಪೆಲೆಟ್ ಮಾಡುವ ಶಕ್ತಿ ಇದೆ. ಆ ಒಳ್ಳೆಯ ವರ್ಷದಲ್ಲೂ ಮಾಡಿದ್ದು 20 ಲಕ್ಷ ಟನ್ ಆಸುಪಾಸು. ಲಾಭದ ವರ್ಷದಲ್ಲೇ ಯಂತ್ರ ಅರ್ಧಕ್ಕಿಂತ ತುಸು ಹೆಚ್ಚು ಓಡಿತ್ತು ಅಷ್ಟೆ. ಪತ್ರಿಕೆಗಳು ಲಾಭವನ್ನು ದಪ್ಪಕ್ಷರದಲ್ಲಿ ಹಾಕಿದವು, ಇದನ್ನು ಯಾರೂ ಗಮನಿಸಿದ ಹಾಗೆ ಕಾಣಲಿಲ್ಲ.

2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಲೆಟ್ ರಫ್ತಿನ ಮೇಲೆ ಶೇ 45 ಸುಂಕ ಹಾಕಿತು. ದೇಶದೊಳಗೆ ಉಕ್ಕಿನ ಬೆಲೆ ಇಳಿಯಲಿ ಎಂಬುದು ಉದ್ದೇಶ. ರಫ್ತನ್ನೇ ನಂಬಿದ ಕಂಪನಿಗೆ ಅದು ಹೂವಾಗಿ ನಿಂತ ತೋಟಕ್ಕೆ ಆನೆಕಲ್ಲು ಮಳೆ ಬಿದ್ದಂತಾಯಿತು. ವಿಚಿತ್ರ ನೋಡಿ, ಶೇ 99ರಷ್ಟು ಷೇರು ಕೇಂದ್ರ ಸರ್ಕಾರದ್ದೇ ಇರುವ ಕಂಪನಿ ಇದು. ಎಡಗೈ ಹಾಕಿದ ಸುಂಕ ಬಲಗೈಯ ಅಂಗಡಿ ಮುಚ್ಚಿಸಿತು. ಅದೇ ನವೆಂಬರ್‌ನಲ್ಲಿ ಸುಂಕ ತೆಗೆದರು. ಅಷ್ಟರಲ್ಲಿ ವರ್ಷ ಕೈತಪ್ಪಿತ್ತು. ಆಮೇಲೂ ಚೇತರಿಸಿಕೊಳ್ಳಲಿಲ್ಲ, ಕೊಳ್ಳುವ ಅದಿರು ದುಬಾರಿ, ಮಾರುವ ಪೆಲೆಟ್‌ಗೆ ದರವಿಲ್ಲ. 3,000 ಕೋಟಿ ಇದ್ದ ಆದಾಯ ಮೂರೇ ವರ್ಷದಲ್ಲಿ 600 ಕೋಟಿಯ ಸುತ್ತ ಬಂದು ಕುಳಿತಿತು.

ಇದನ್ನು ಬೇರೆ ಒಂದು ಗಣಿಯ ಲೆಕ್ಕದ ಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಥರಿಸಾ ಎಂಬ ಕಂಪನಿ ಇದೆ. ಒಂದೇ ಬಂಡೆಯಿಂದ ಪ್ಲಾಟಿನಂ ಗುಂಪಿನ ಲೋಹವನ್ನೂ ಕ್ರೋಮ್ ಅದಿರನ್ನೂ ತೆಗೆಯುತ್ತದೆ. 2024ರ ಸೆಪ್ಟೆಂಬರ್‌ಗೆ ಮುಗಿದ ವರ್ಷದಲ್ಲಿ ಅದರ ಉತ್ಪಾದನೆ ಸುಮಾರು 1.45 ಲಕ್ಷ ಔನ್ಸ್ ಪ್ಲಾಟಿನಂ ಗುಂಪಿನ ಲೋಹ, ಸುಮಾರು 17 ಲಕ್ಷ ಟನ್ ಕ್ರೋಮ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಾಫಿಯ ಜೊತೆ ಸಿಲ್ವರ್ ಮರಕ್ಕೆ ಮೆಣಸು ಹಬ್ಬಿಸಿದ ತೋಟ. ಕಾಫಿ ಬಿದ್ದ ವರ್ಷ ಮೆಣಸು ಕೈ ಹಿಡಿಯುತ್ತದೆ. ಪ್ಲಾಟಿನಂ ದರ ಇಳಿದ ವರ್ಷಗಳಲ್ಲಿ ಅಂಥ ಗಣಿಗಳನ್ನು ಕ್ರೋಮ್ ಹೊತ್ತು ನಡೆಸುತ್ತದೆ. ಕುದುರೆಮುಖ ಕಂಪನಿಗೆ ಮೆಣಸೂ ಇಲ್ಲ, ಕಾಫಿ ತೋಟವೂ ಇಲ್ಲ. ಮಂಗಳೂರಿನಲ್ಲಿ ಇದ್ದ ಬೀಡು ಕಬ್ಬಿಣದ ಕುಲುಮೆಯನ್ನೂ 2009ರಲ್ಲೇ ಆರಿಸಿಬಿಟ್ಟರು.

ಪ್ಲಾಟಿನಂ, ಕ್ರೋಮ್ ನಮಗೆ ದೂರದ ಮಾತೂ ಅಲ್ಲ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಸರ್ಕಾರಿ ಕಂಪನಿಯೇ ಕ್ರೋಮ್ ತೆಗೆದಿದೆ. ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಕಲ್ಲಿನಲ್ಲಿ ಪ್ಲಾಟಿನಂ ಗುಂಪಿನ ಲೋಹ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಚನ್ನಗಿರಿ ಅಂದರೆ ನಮ್ಮ ತರೀಕೆರೆಯ ಪಕ್ಕ. ಗಣಿ ಕಂಪನಿಯ ವಾರ್ಷಿಕ ವರದಿ ಓದುವ ಅಭ್ಯಾಸ ಈ ಜಿಲ್ಲೆಗೆ ಮುಂದೆಯೂ ಬೇಕಾಗಬಹುದು.

ಈಗ ನಮ್ಮ ಹೊಳೆಗೆ ಬರೋಣ. ಕಂಪನಿ ನಷ್ಟದಲ್ಲಿದ್ದರೆ ನಮಗೆ ತಟ್ಟುವುದು ಹೇಗೆ?

ಒಂದು, ಬರಬಹುದಾಗಿದ್ದ ಹಣ ಬರುವುದಿಲ್ಲ. ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂದು 2013ರ ಕಾನೂನು ಹೇಳುತ್ತದೆ. ಮೂರೂ ವರ್ಷ ನಷ್ಟವಾದರೆ ಸರಾಸರಿ ಲಾಭ ಎಲ್ಲಿಂದ ಬರಬೇಕು? ಶಾಲೆಗೆ ಬೆಂಚು, ಆಸ್ಪತ್ರೆಗೆ ಯಂತ್ರ ಎಂದು ಅರ್ಜಿ ಹಿಡಿದು ಹೋದವರಿಗೆ ಕಾನೂನಿನ ಬೆಂಬಲ ಉಳಿಯುವುದಿಲ್ಲ. ಇನ್ನು ಗಣಿ ಜಿಲ್ಲೆಗಳಿಗೆ ಸಿಗುವ ಜಿಲ್ಲಾ ಖನಿಜ ನಿಧಿ ಶುರುವಾದದ್ದು 2015ರಲ್ಲಿ. ನಮ್ಮ ಗಣಿ ಅದಕ್ಕಿಂತ ಹತ್ತು ವರ್ಷ ಮೊದಲೇ ಮುಚ್ಚಿತ್ತು. ಇಂದು ಬಳ್ಳಾರಿಗೆ ಆ ನಿಧಿ ಇದೆ. ಗುಡ್ಡ ಕಳೆದುಕೊಂಡ ಕಳಸಕ್ಕೆ ಆ ಗಣಿಯ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ.

ಆದರೆ ಬೆಂಚು, ಯಂತ್ರ ಚಿಕ್ಕ ಮಾತು. ದೊಡ್ಡ ಮಾತು ಲಕ್ಯಾ. ಒಡ್ಡು ಎಂದರೆ ಕಟ್ಟಿ ಮರೆಯುವ ವಸ್ತುವಲ್ಲ. ತೋಟದ ಕೆರೆಯ ಏರಿಯನ್ನೇ ಪ್ರತಿ ಮಳೆಗಾಲಕ್ಕೆ ಮುಂಚೆ ನೋಡುತ್ತೇವೆ, ಇಲಿ ಬಿಲ ಮುಚ್ಚುತ್ತೇವೆ, ಕೋಡಿ ಬಿಡಿಸುತ್ತೇವೆ. 15 ಕೋಟಿ ಟನ್ ಕೆಸರನ್ನು ತಡೆದು ನಿಲ್ಲಿಸಿದ ಏರಿಗೆ ಈ ಆರೈಕೆ ವರ್ಷ ವರ್ಷವೂ ಬೇಕು, ಗಣಿಯಿಂದ ಒಂದು ರೂಪಾಯಿ ಹುಟ್ಟದಿದ್ದರೂ ಬೇಕು. ನಷ್ಟದಲ್ಲಿರುವ ಯಜಮಾನ ಮೊದಲು ಕೈ ಬಿಡುವುದು ಆದಾಯ ಕೊಡದ ಜಾಗವನ್ನು. ಕಾಫಿ ದರ ಬಿದ್ದ ವರ್ಷಗಳಲ್ಲಿ ಎಷ್ಟು ತೋಟಗಳ ಮೂಲೆಗೆ ಕಳೆ ಕತ್ತಿ ಹೋಗಲಿಲ್ಲ ಎಂಬುದು ನಮಗೆಲ್ಲ ನೆನಪಿದೆ. ಕಂಪನಿ ಹಾಗೆ ಮಾಡಿದೆ ಎಂದು ನಾವು ಹೇಳುತ್ತಿಲ್ಲ. ಹಾಗೆ ಆಗದ ಹಾಗೆ ಕೇಳುತ್ತಿರಬೇಕು ಎನ್ನುತ್ತಿದ್ದೇವೆ.

2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನೊ ಎಂಬಲ್ಲಿ ಕಬ್ಬಿಣದ ಗಣಿಯ ಕೆಸರಿನ ಒಡ್ಡು ಒಡೆದು 270 ಜನ ಸತ್ತರು. ಆ ಒಡ್ಡಿಗೆ ಕೆಸರು ಬಿಡುವುದನ್ನು ನಿಲ್ಲಿಸಿ ಆಗಲೇ ವರ್ಷಗಳಾಗಿದ್ದವು. ಅದನ್ನು ಕಟ್ಟಿದ ವಿಧಾನ ಬೇರೆ. ಹಳೆಯ ಕೆಸರಿನ ಮೇಲೆಯೇ ಹೊಸ ಏರಿ ಏರಿಸುತ್ತ ಹೋಗಿದ್ದರು. ಲಕ್ಯಾವನ್ನು ಅದಕ್ಕೆ ಹೋಲಿಸಿ ಜನರನ್ನು ಹೆದರಿಸುವುದು ತಪ್ಪು. ಆದರೆ ಆಮೇಲೆ ನಡೆದದ್ದನ್ನು ತಿಳಿಯಬೇಕು. ಜಗತ್ತಿನ ನೂರಾರು ಗಣಿ ಕಂಪನಿಗಳಿಗೆ ಹೂಡಿಕೆದಾರರು ಪತ್ರ ಬರೆದು, ನಿಮ್ಮ ಒಂದೊಂದು ಕೆಸರಿನ ಒಡ್ಡು ಎಲ್ಲಿದೆ, ಎಷ್ಟು ಎತ್ತರ, ಯಾರು ಪರೀಕ್ಷೆ ಮಾಡಿದರು, ಒಡೆದರೆ ಯಾರಿಗೆ ತೊಂದರೆ ಎಂದು ಕೇಳಿದರು. ಮುಂದೆ ನಿಂತು ಕೇಳಿಸಿದ್ದರಲ್ಲಿ ಇಂಗ್ಲೆಂಡಿನ ಚರ್ಚಿನ ಪಿಂಚಣಿ ನಿಧಿ ಒಂದು. ಹಲವು ದೊಡ್ಡ ಕಂಪನಿಗಳು ಉತ್ತರವನ್ನು ಎಲ್ಲರಿಗೂ ಕಾಣುವಂತೆ ಹಾಕಿದವು. ಹಣ ಹಾಕಿದವರು ಕೇಳಬಹುದಾದರೆ, ಒಡ್ಡಿನ ಕೆಳಗೆ ಇರುವವರು ಕೇಳಬಾರದೇ?

ಕಳಸದ ಕಡೆ ಇನ್ನೊಂದು ಮಾತೂ ಇದೆ. ಕಂಪನಿ ಇದ್ದಾಗ ಕೆಲಸ ಇತ್ತು, ಕುದುರೆಮುಖದಲ್ಲಿ ಆಸ್ಪತ್ರೆ ಇತ್ತು, ಶಾಲೆ ಇತ್ತು, ಮತ್ತೆ ಗಣಿ ಶುರುವಾಗಲಿ ಎನ್ನುವವರಿದ್ದಾರೆ. ಅವರ ನೋವು ಸುಳ್ಳಲ್ಲ. ಗಣಿ ನಿಲ್ಲಿಸಿದ ದೇಶ ಆ ಊರಿಗೆ ಬದಲಿ ಬದುಕು ಕೊಡಲಿಲ್ಲ. ಆದರೂ ನಾವು ಗಣಿ ಮತ್ತೆ ಬೇಡ ಎನ್ನುವವರ ಕಡೆ. ಭದ್ರೆ, ತುಂಗೆ, ನೇತ್ರಾವತಿ ಹುಟ್ಟುವ ಗುಡ್ಡ ಅದು. ಅಲ್ಲಿನ ನೀರು ನಮ್ಮ ಸ್ಪ್ರಿಂಕ್ಲರ್‌ನಿಂದ ಹಿಡಿದು ದಾವಣಗೆರೆಯ ಗದ್ದೆಯವರೆಗೆ ಹೋಗುತ್ತದೆ.

ಕಂಪನಿಯ ಮುಂದಿನ ಆಸೆ ಸಂಡೂರಿನ ದೇವದಾರಿ ಗುಡ್ಡ. ಅಲ್ಲಿ ಸ್ವಂತ ಗಣಿ ಸಿಕ್ಕರೆ ಹಣ್ಣು ಕೊಳ್ಳುವ ಕಷ್ಟ ತಪ್ಪುತ್ತದೆ. 2023ರ ಜನವರಿಯಲ್ಲಿ ಗುತ್ತಿಗೆ ಪತ್ರವೂ ಆಯಿತು. ಆದರೆ 2024ರ ಜೂನ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಕುದುರೆಮುಖದ ಕಾಡಿಗೆ ಮಾಡಿದ ಹಾನಿಯ ಬಾಕಿ ತೀರಿಸುವವರೆಗೆ ದೇವದಾರಿಯ ಅರಣ್ಯ ಭೂಮಿ ಕೊಡಬೇಡಿ ಎಂದು ಅಧಿಕಾರಿಗಳಿಗೆ ಹೇಳಿದರು. ಇಲಾಖೆ ಕೇಳುತ್ತಿರುವ ಮೊತ್ತ 1,300 ಕೋಟಿಗೂ ಮೇಲೆ. ಈ ಜಗಳದಲ್ಲಿ ಯಾರದ್ದು ಸರಿ ಎಂಬುದನ್ನು ತೀರ್ಮಾನಿಸುವವರು ಬೇರೆ. ನಮಗೆ ಕಾಣುವುದು ಇಷ್ಟು: ಆ ಹಣ ಬಂದರೆ ಅದು ಬೆಂಗಳೂರಿನ ಖಜಾನೆಯಲ್ಲಿ ಕರಗಬಾರದು, ಭದ್ರೆಯ ದಂಡೆಗೆ ಬರಬೇಕು. ಕಂಪನಿಯನ್ನು ಎನ್‌ಎಂಡಿಸಿ ಜೊತೆ ಸೇರಿಸುವ ಮಾತೂ ಆಗಾಗ ಏಳುತ್ತದೆ. ಸೇರಿಸುವುದಾದರೆ ಲಕ್ಯಾದ ಹೊಣೆ ಯಾರ ಹೆಸರಿಗೆ ಎಂಬುದನ್ನು ಮೊದಲು ಬರೆದುಕೊಡಲಿ.

ನಾವು ಕೇಳುವುದು ವಾರ್ಷಿಕ ವರದಿಯಲ್ಲಿ ಕುದುರೆಮುಖಕ್ಕೆಂದೇ ಒಂದು ಪುಟ, ಕನ್ನಡದಲ್ಲಿ. ಲಕ್ಯಾ ಒಡ್ಡನ್ನು ಈ ವರ್ಷ ಯಾರು ಪರೀಕ್ಷಿಸಿದರು, ಏನು ಕಂಡರು, ರಿಪೇರಿಗೆ ಎಷ್ಟು ಖರ್ಚಾಯಿತು, ಮುಂದಿನ ವರ್ಷಗಳಿಗೆ ಎಷ್ಟು ಹಣ ತೆಗೆದಿಟ್ಟಿದ್ದಾರೆ, ಅಪಾಯ ಬಂದರೆ ಕೆಳಗಿನ ಊರುಗಳಿಗೆ ಸುದ್ದಿ ಮುಟ್ಟಿಸುವವರು ಯಾರು. ಆ ಪುಟವನ್ನು ಮಳೆಗಾಲಕ್ಕೆ ಮುಂಚೆ ಕಳಸ, ಸಂಸೆ ಗ್ರಾಮಸಭೆಗಳಲ್ಲಿ ಓದಿ ಹೇಳಲಿ.

ಕೊಡದಿದ್ದರೆ ಕಾಯುತ್ತ ಕೂರಬೇಕಾಗಿಲ್ಲ. ಇದು ಸರ್ಕಾರಿ ಕಂಪನಿ, ಮಾಹಿತಿ ಹಕ್ಕು ಕಾಯ್ದೆ ಇದಕ್ಕೂ ಅನ್ವಯ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ, ಅರ್ಜಿ ಕನ್ನಡದಲ್ಲೇ ಬರೆಯಬಹುದು. ಇನ್ನೊಂದು ದಾರಿಯೂ ಇದೆ. ಕಂಪನಿಯ ಷೇರು ಪೇಟೆಯಲ್ಲಿ ಮಾರಾಟಕ್ಕಿದೆ, ಒಂದು ಷೇರು ಇದ್ದವರೂ ವಾರ್ಷಿಕ ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಇತ್ತೀಚೆಗೆ ಅದರ ಬೆಲೆ ಒಂದು ಕಿಲೋ ಕಾಳುಮೆಣಸಿಗಿಂತ ಕಡಿಮೆಯೇ ಇದೆ.