ಜಗಲಿಯಲ್ಲಿ ಆಡಬೇಕಾದ ಮಾತು

ಈ ಪುಟದಲ್ಲಿ ಸದಸ್ಯ ಬಾಂಧವರು ಸಾಮಾನ್ಯವಾಗಿ ನಿರೀಕ್ಷಿಸುವುದು ಧಾರಣೆಯ ವಿಚಾರ, ಗೊಬ್ಬರದ ದಾಸ್ತಾನು, ಸಾಲ ಮರುಪಾವತಿಯ ಗಡುವು, ಹೆಚ್ಚೆಂದರೆ ಕಾಯಿಕೊರಕದ ಕಾಟ. ಈ ಸಲ ಅವೆಲ್ಲವನ್ನೂ ಬದಿಗಿಟ್ಟು ಒಂದು ಇಂಗ್ಲಿಷ್ ಚಲನಚಿತ್ರದ ಬಗ್ಗೆ ಬರೆಯಹೊರಟಿದ್ದೇವೆ. ಕಾರ್ಯದರ್ಶಿಗೆ ಕೆಲಸ ಕಡಿಮೆಯಾಗಿದೆ ಎಂದು ಯಾರೂ ಭಾವಿಸಬೇಕಾಗಿಲ್ಲ. ತಂದೆ ಒಂದು ಕಡೆ, ಮಗ ಒಂದು ಕಡೆ ನಿಂತ ವ್ಯಾಜ್ಯದ ಕಾಗದಗಳು ಸಂಘದ ಕಪಾಟಿನಲ್ಲಿಯೂ ಜಾಗ ಹಿಡಿಯತೊಡಗಿವೆ. ಆ ಕಾಗದಗಳನ್ನು ಓದಿದಾಗ ತಿಳಿಯದ ಒಂದು ಸಂಗತಿ ಈ ಚಿತ್ರವನ್ನು ನೋಡಿದಾಗ ನಮಗೆ ತಿಳಿದಂತಾಯಿತು. ಆದ್ದರಿಂದ ಈ ಬರಹ.

ಚಿತ್ರದ ಹೆಸರು ‘ದಿ ಜಡ್ಜ್’. 2014ರಲ್ಲಿ ತೆರೆಕಂಡದ್ದು, ನಿರ್ದೇಶಕ ಡೇವಿಡ್ ಡಾಬ್ಕಿನ್. ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ಸಣ್ಣ ಊರಿನಲ್ಲಿ ಕಥೆ ನಡೆಯುತ್ತದೆ. ಜೋಸೆಫ್ ಪಾಮರ್ ಎಂಬ ವೃದ್ಧ ಆ ಊರಿನ ನ್ಯಾಯಾಧೀಶ. ದಶಕಗಳ ಕಾಲ ಪೀಠದಲ್ಲಿ ಕುಳಿತು ಊರವರ ಗೌರವ ಸಂಪಾದಿಸಿದವನು. ಮನೆಯಲ್ಲಿಯೂ ಮಕ್ಕಳು ಅವನನ್ನು ‘ಜಡ್ಜ್’ ಎಂದೇ ಕರೆಯುತ್ತಾರೆ ಎಂದರೆ ಆ ಮನೆಯ ಹವೆ ಹೇಗಿದ್ದೀತೆಂದು ಊಹಿಸಬಹುದು. ಮೂವರು ಗಂಡುಮಕ್ಕಳಲ್ಲಿ ಎರಡನೆಯವನಾದ ಹ್ಯಾಂಕ್ ಶಿಕಾಗೋ ನಗರದಲ್ಲಿ ಹೆಸರು ಮಾಡಿದ ಕ್ರಿಮಿನಲ್ ವಕೀಲ. ಹಣವಂತರಾದ ಆರೋಪಿಗಳನ್ನು ಬಿಡಿಸುವುದರಲ್ಲಿ ನಿಸ್ಸೀಮ. ಊರಿಗೂ ತಂದೆಗೂ ಬೆನ್ನು ತಿರುಗಿಸಿ ಎಷ್ಟೋ ವರ್ಷಗಳಾಗಿವೆ. ತಂದೆಯ ಪಾತ್ರವನ್ನು ರಾಬರ್ಟ್ ಡುವಾಲ್, ಮಗನ ಪಾತ್ರವನ್ನು ರಾಬರ್ಟ್ ಡೌನಿ ಜೂನಿಯರ್ ವಹಿಸಿದ್ದಾರೆ. ಈ ಪಾತ್ರಕ್ಕಾಗಿ ಡುವಾಲ್ ಅವರ ಹೆಸರು ಪೋಷಕ ನಟರ ಆಸ್ಕರ್ ಪ್ರಶಸ್ತಿಯ ಪಟ್ಟಿಗೆ ಸೂಚಿತವಾಗಿತ್ತು.

ತಾಯಿ ತೀರಿಕೊಂಡ ಸುದ್ದಿ ಕೇಳಿ ಹ್ಯಾಂಕ್ ಊರಿಗೆ ಬರುತ್ತಾನೆ. ಅಂತ್ಯಸಂಸ್ಕಾರ ಮುಗಿದ ರಾತ್ರಿ ತಂದೆ ಒಬ್ಬನೇ ಕಾರು ತೆಗೆದುಕೊಂಡು ಅಂಗಡಿಗೆ ಹೋಗಿ ಬರುತ್ತಾನೆ. ಮರುದಿನ ನೋಡಿದರೆ ಕಾರಿಗೆ ಏಟಾಗಿದೆ. ಅದೇ ರಾತ್ರಿ ರಸ್ತೆಯಲ್ಲಿ ಸತ್ತವನು ಬ್ಲ್ಯಾಕ್‌ವೆಲ್ ಎಂಬ ಹಳೆಯ ಅಪರಾಧಿ. ಅವನಿಗೆ ಶಿಕ್ಷೆ ಕೊಟ್ಟು ಜೈಲಿಗೆ ಕಳುಹಿಸಿದವನು ಇದೇ ನ್ಯಾಯಾಧೀಶ. ಕಾರಿನ ಮೇಲಿನ ರಕ್ತ ಸತ್ತವನದೇ ಎಂದು ಗೊತ್ತಾಗುತ್ತದೆ. ಪೀಠದಲ್ಲಿ ಕುಳಿತವನು ಕಟಕಟೆಗೆ ಬರುತ್ತಾನೆ. ಮೊದಲು ಊರಿನ ಅನುಭವವಿಲ್ಲದ ವಕೀಲನೊಬ್ಬನನ್ನು ನೇಮಿಸಿಕೊಳ್ಳುತ್ತಾನೆಯೇ ಹೊರತು ಮಗನ ನೆರವು ಬೇಡವೆನ್ನುತ್ತಾನೆ. ಕಡೆಗೆ ಬೇರೆ ದಾರಿಯಿಲ್ಲದೆ ಮಗನೇ ತಂದೆಯ ಪರವಾಗಿ ನಿಲ್ಲಬೇಕಾಗುತ್ತದೆ.

ಇವರಿಬ್ಬರ ನಡುವೆ ಆಸ್ತಿಯ ಜಗಳವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಹ್ಯಾಂಕ್ ಹುಡುಗನಾಗಿದ್ದಾಗ ಓಡಿಸುತ್ತಿದ್ದ ಕಾರು ಅಪಘಾತಕ್ಕೀಡಾಗಿ, ಬೇಸ್‌ಬಾಲ್ ಆಟದಲ್ಲಿ ಮುಂದೆ ಬರಬೇಕಾಗಿದ್ದ ಅಣ್ಣನ ಭವಿಷ್ಯವೇ ಹಾಳಾಯಿತು. ತಂದೆ ಮಗನಿಗೆ ಯಾವ ರಿಯಾಯಿತಿಯನ್ನೂ ತೋರದೆ ಬಾಲಾಪರಾಧಿಗಳ ಬಂಧನಗೃಹಕ್ಕೆ ಕಳುಹಿಸಿದ. ಮಗ ಮುಂದೆ ಚೆನ್ನಾಗಿ ಓದಿ ವಕೀಲನಾದ. ತಂದೆ ಒಂದು ಒಳ್ಳೆಯ ಮಾತು ಆಡಲಿಲ್ಲ. ಮಗನೂ ಕೇಳಲಿಲ್ಲ. ಹೀಗೆ ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಕಳೆಯಿತು.

ತಂದೆಗೆ ಕ್ಯಾನ್ಸರ್ ಇದೆ, ಚಿಕಿತ್ಸೆಯಿಂದ ನೆನಪು ಕೈಕೊಡುತ್ತಿದೆ ಎಂಬುದು ನಂತರ ಹೊರಬರುತ್ತದೆ. ಇದನ್ನು ನ್ಯಾಯಾಲಯದಲ್ಲಿ ಹೇಳಿದರೆ ಪಾರಾಗಬಹುದು ಎಂದು ಮಗ ವಾದಿಸುತ್ತಾನೆ. ತಂದೆ ಒಪ್ಪುವುದಿಲ್ಲ. ಆ ಅವಧಿಯಲ್ಲಿ ತಾನು ಕೊಟ್ಟ ತೀರ್ಪುಗಳೆಲ್ಲ ಪ್ರಶ್ನೆಗೆ ಒಳಗಾದಾವು, ಜೀವಮಾನದ ಹೆಸರು ಮಣ್ಣುಪಾಲಾದೀತು ಎಂಬ ಚಿಂತೆ ಅವನಿಗೆ. ಒಂದು ರಾತ್ರಿ ಕಾಯಿಲೆಯಿಂದ ಬಚ್ಚಲಿನಲ್ಲಿ ಕುಸಿದ ತಂದೆಯನ್ನು ಮಗನೇ ತೊಳೆದು ಎತ್ತಿ ನಿಲ್ಲಿಸುತ್ತಾನೆ. ಬಾಗಿಲ ಹೊರಗೆ ನಿಂತ ಮೊಮ್ಮಗಳಿಗೆ ಏನೂ ತಿಳಿಯಬಾರದೆಂದು ಇಬ್ಬರೂ ಸೇರಿ ನಗೆಯ ಮಾತಾಡುತ್ತಾರೆ. ಚಿತ್ರದಲ್ಲಿ ಅವರಿಬ್ಬರು ಒಂದೇ ಪಕ್ಷದಲ್ಲಿ ನಿಂತದ್ದು ಮೊದಲ ಬಾರಿಗೆ ಅಲ್ಲಿ, ನ್ಯಾಯಾಲಯದಲ್ಲಲ್ಲ.

ಇನ್ನು ಮುಖ್ಯವಾದ ಸಂಗತಿ. ಆ ಬ್ಲ್ಯಾಕ್‌ವೆಲ್ ಮೊದಲ ಸಲ ಒಬ್ಬ ಹುಡುಗಿಯನ್ನು ಬೆದರಿಸಿದ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ನ್ಯಾಯಾಧೀಶ ಅವನಿಗೆ ಕೊಟ್ಟದ್ದು ಕೇವಲ 30 ದಿನಗಳ ಸಜೆ. ಹೊರಬಂದವನು ಆ ಹುಡುಗಿಯನ್ನು ಕೊಂದ. ಸ್ವಂತ ಮಗನಿಗೆ ಇಲ್ಲದ ದಯೆ ಅವನಿಗೇಕೆ ದೊರೆಯಿತು? ಸಾಕ್ಷಿಕಟ್ಟೆಯಲ್ಲಿ ನಿಂತ ತಂದೆ ವಕೀಲನಾದ ಮಗನ ಪ್ರಶ್ನೆಗೆ ಉತ್ತರ ಕೊಡುತ್ತಾನೆ. ಆ ಹುಡುಗನಲ್ಲಿ ತನಗೆ ತನ್ನ ಮಗನೇ ಕಂಡನೆಂದೂ, ದಾರಿ ತಪ್ಪಿದ ಮಗನಿಗೆ ಯಾರಾದರೊಬ್ಬರು ಕೈ ನೀಡಲಿ ಎಂದು ತಾನು ಬಯಸಿದಂತೆ ಅವನಿಗೆ ಕೈ ನೀಡಿದೆನೆಂದೂ ಹೇಳುತ್ತಾನೆ. ಮನೆಯಲ್ಲಿ ಇಪ್ಪತ್ತು ವರ್ಷ ಬಾಯಿಗೆ ಬಾರದ ಮಾತು ಪ್ರಮಾಣ ಮಾಡಿದ ಮೇಲೆ, ಹನ್ನೆರಡು ಜನ ಜ್ಯೂರಿಗಳ ಎದುರಿಗೆ, ಸರಕಾರಿ ಲಿಪಿಕಾರ ಬರೆದುಕೊಳ್ಳುತ್ತಿರುವಾಗ ಬಂತು. ಜ್ಯೂರಿ ತಂದೆಯನ್ನು ಪೂರ್ವಯೋಜಿತ ಕೊಲೆಯ ಆರೋಪದಿಂದ ಬಿಟ್ಟು, ನರಹತ್ಯೆಯ ಅಪರಾಧಿಯೆಂದು ತೀರ್ಮಾನಿಸುತ್ತದೆ. 4 ವರ್ಷಗಳ ಶಿಕ್ಷೆ. ಕಾಯಿಲೆಯ ಕಾರಣ 7 ತಿಂಗಳಿಗೆ ಬಿಡುಗಡೆ. ತಂದೆ ಮಗ ಕೆರೆಯಲ್ಲಿ ದೋಣಿಯ ಮೇಲೆ ಮೀನಿಗೆ ಗಾಳ ಹಾಕಿ ಕುಳಿತಿರುವಾಗ, ಒಬ್ಬ ಒಳ್ಳೆಯ ವಕೀಲನೆಂದರೆ ನೀನೇ ಎಂದು ಒಪ್ಪಿಕೊಂಡು, ಮುದುಕ ಅಲ್ಲಿಯೇ ಪ್ರಾಣ ಬಿಡುತ್ತಾನೆ.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಎರಡೂಕಾಲು ಗಂಟೆಗೂ ಮೀರಿದ ಉದ್ದ, ಅಲ್ಲಲ್ಲಿ ಕಣ್ಣೀರು ತರಿಸುವ ಹಟ, ಕೊನೆಯಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂಡಿಬರುವ ಸೌಕರ್ಯ. ನಿಜ ಜೀವನದ ವ್ಯಾಜ್ಯಗಳು ದೋಣಿಯಲ್ಲಿ ಮುಗಿಯುವುದಿಲ್ಲ, ಮೇಲ್ಮನವಿಯಲ್ಲಿ ಮುಂದುವರಿಯುತ್ತವೆ. ಆದರೂ ಚಿತ್ರ ಹಿಡಿದ ಸತ್ಯ ಗಟ್ಟಿಯಾದದ್ದು. ಬಹಳ ಮನೆಗಳಲ್ಲಿ ತಂದೆ ಮಗನ ಮಧ್ಯೆ ದ್ವೇಷಕ್ಕಿಂತ ಮೌನವೇ ಹೆಚ್ಚು. ಮೌನಕ್ಕೆ ಬೇರೆ ದಾರಿ ಕಾಣದಾದಾಗ ಅದು ಕೋರ್ಟಿನ ದಾರಿ ಹಿಡಿಯುತ್ತದೆ.

ನಮ್ಮ ಅನುಭವವೊಂದನ್ನು ಹೆಸರು, ಊರು ಬಿಟ್ಟು ಹೇಳುತ್ತೇವೆ. ಒಂದು ವಿಭಾಗದ ದಾವೆಯಲ್ಲಿ ಸಂಘದ ಲೆಡ್ಜರ್ ಹಾಜರುಪಡಿಸುವಂತೆ ನಮಗೆ ಸಮನ್ಸ್ ಬಂದಿತ್ತು. ಮಗ ವಾದಿ, ತಂದೆ ಪ್ರತಿವಾದಿ. ಇಬ್ಬರೂ ನಮ್ಮ ಸದಸ್ಯರು, ಒಂದೇ ಸೂರಿನಡಿ ಎರಡು ಒಲೆ ಹೂಡಿದವರು. ಆಷಾಢದ ಮಳೆ ಸುರಿಯುತ್ತಿತ್ತು. ಪ್ರಕರಣ ಕರೆಯುವವರೆಗೆ ಕೋರ್ಟಿನ ಹೊರಗಿನ ಬೆಂಚಿನಲ್ಲಿ ನಾವು ನಡುವೆ, ಆಚೆ ತುದಿಗೆ ತಂದೆ, ಈಚೆ ಕಂಬಕ್ಕೆ ಒರಗಿ ಮಗ. ಬಹಳ ಹೊತ್ತಿನ ಮೇಲೆ ತಂದೆ ನಮ್ಮ ಕಡೆಗೆ ಬಾಗಿ, “ಕೆಳಗಿನ ತೋಟಕ್ಕೆ ಕೊಳೆ ಔಷಧಿ ಹೊಡೆಸಿದನಂತಾ? ಕೇಳಿ ನೋಡಿ” ಎಂದರು. ನಾವು ಕೇಳಬೇಕಾದ ಅಗತ್ಯವೇ ಬೀಳಲಿಲ್ಲ. ಮಗ ಮಳೆಯನ್ನೇ ನೋಡುತ್ತ, “ಎರಡನೇ ಸಲದ್ದೂ ಮೊನ್ನೆ ಆಯ್ತು ಅಂತ ಹೇಳಿ ಅಪ್ಪಯ್ಯಂಗೆ” ಎಂದ. ಅಷ್ಟೇ. ಕರೆ ಬಂತು, ಒಳಗೆ ಹೋದೆವು. ಅಲ್ಲಿ ಅವರವರ ವಕೀಲರು, ಮಗ ತೋಟ ನೋಡಿದವನೇ ಅಲ್ಲ, ತಂದೆ ಮಗನಿಗೆ ಚಿಕ್ಕಾಸೂ ಕೊಟ್ಟವನಲ್ಲ ಎಂದು ವಾದಿಸಿದರು. ಎರಡೂ ಸುಳ್ಳೆಂದು ಬೆಂಚಿನ ಮೇಲೆ ಕುಳಿತ ಇಬ್ಬರಿಗೂ ಗೊತ್ತಿತ್ತು. ಲೆಡ್ಜರಿಗೂ ಗೊತ್ತಿತ್ತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ವಿಭಾಗದ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಳತೆಗೆ ಕಮೀಷನರು, ಬಳಿಕ ಅಂತಿಮ ಡಿಕ್ರಿ, ನಡುನಡುವೆ ಮೇಲ್ಮನವಿ. ಪಹಣಿಯಲ್ಲಿ ತಕರಾರು ನಮೂದಾಯಿತೆಂದರೆ ಬೆಳೆ ಸಾಲಕ್ಕೂ ತೊಡಕು. ತೋಟ ಮಾತ್ರ ಯಾವ ವಾಯಿದೆಗೂ ಕಾಯುವುದಿಲ್ಲ. ಮಳೆ ಹಿಡಿಯುವ ಮುನ್ನ ಒಮ್ಮೆ, 40-45 ದಿನಗಳ ನಂತರ ಮತ್ತೊಮ್ಮೆ ಶೇಕಡಾ 1ರ ಬೋರ್ಡೋ ದ್ರಾವಣ ಬೀಳದಿದ್ದರೆ ಅಡಿಕೆ ಕೊಳೆತು ಉದುರುತ್ತದೆ. ಮರಗಸಿ ತಪ್ಪಿದರೆ ಕಾಫಿ ನೆರಳಿಗೆ ಸಿಕ್ಕಿ ಸೊರಗುತ್ತದೆ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವನ್ನು ಸಕಾಲದಲ್ಲಿ ಕಿತ್ತು ಸುಡದಿದ್ದರೆ ಪಕ್ಕದ ಗಿಡಕ್ಕೆ ಹಾರುತ್ತದೆ. ತೀರ್ಪು ಬರುವ ವೇಳೆಗೆ ಹಂಚಿಕೊಳ್ಳಲು ಉಳಿಯುವುದು ತೋಟವಲ್ಲ, ಸರ್ವೆ ನಂಬರು.

ತಪ್ಪು ಯಾರದು? ನಮ್ಮ ಅಭಿಪ್ರಾಯದಲ್ಲಿ ಮೊದಲ ಪಾಲು ತಂದೆಯರದು. ನಾವೂ ತಂದೆಯರಾದ್ದರಿಂದ ಇದನ್ನು ಹೇಳಲು ಸಂಕೋಚವಿಲ್ಲ. ನಲವತ್ತು ದಾಟಿದ ಮಗ ಗೊಬ್ಬರದ ಮೂಟೆಗೂ ತಂದೆಯ ರುಜುವಿಗಾಗಿ ಕಾಯುವ ಮನೆಗಳಿವೆ. ಊರ ಪಂಚಾಯಿತಿಕೆಗೆ ಮುಂದಾಗುವ ಹಿರಿಯರೇ ತಮ್ಮ ಮನೆಯ ಲೆಕ್ಕವನ್ನು ಮಗನಿಗೆ ತೋರಿಸುವುದಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ. ಎರಡನೆಯ ಪಾಲು ಮಕ್ಕಳದು. ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಬಂದು ಎಕರೆಗೆ ಇಷ್ಟು ಎಂದು ಬೆಲೆ ಕಟ್ಟುವವರು, ಆ ತೋಟದಲ್ಲಿ ಸವೆದ ಬೆನ್ನಿಗೆ ಬೆಲೆ ಕಟ್ಟುವುದಿಲ್ಲ.

ಕಾನೂನಿನ ವಿಷಯದಲ್ಲಿ ತಪ್ಪು ತಿಳಿವಳಿಕೆಯೂ ಜಗಳಕ್ಕೆ ತುಪ್ಪ ಸುರಿಯುತ್ತದೆ. ಹಿಂದೂ ಕುಟುಂಬಗಳ ಮಟ್ಟಿಗೆ ಹೇಳುವುದಾದರೆ, ತಂದೆಯ ಸ್ವಯಾರ್ಜಿತದಲ್ಲಿ ಅವನು ಬದುಕಿರುವಾಗ ಮಕ್ಕಳಿಗೆ ಹುಟ್ಟಿನಿಂದ ಬರುವ ಹಕ್ಕಿಲ್ಲ. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಇದೆ. ಅಜ್ಜನಿಂದ ಬಂದದ್ದೆಲ್ಲವೂ ಪಿತ್ರಾರ್ಜಿತ ಎಂದು ಭಾವಿಸುವುದೂ ಸರಿಯಲ್ಲ; ಅದು ಯಾವಾಗ, ಯಾವ ಬಗೆಯಲ್ಲಿ ಬಂತು ಎಂಬುದರ ಮೇಲೆ ನಿರ್ಧಾರ. ಹೆಣ್ಣುಮಕ್ಕಳನ್ನು ಮರೆತು ತಂದೆ ಮಗ ಮಾತ್ರ ರಾಜಿಯಾಗುವುದಂತೂ ಸಲ್ಲದು. 2005ರ ತಿದ್ದುಪಡಿಯಿಂದ ಮಗಳಿಗೂ ಮಗನಷ್ಟೇ ಹಕ್ಕು. ಈ ಹಕ್ಕು ಹುಟ್ಟಿನಿಂದಲೇ ಬರುವುದೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಇಳಿವಯಸ್ಸಿನಲ್ಲಿ ಮಗನ ಹೆಸರಿಗೆ ದಾನಪತ್ರ ಬರೆದುಕೊಡುವ ತಂದೆತಾಯಿಯರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಆ ಪತ್ರದಲ್ಲಿಯೇ ಬರೆಸುವುದು ಒಳಿತು. ಷರತ್ತು ಮುರಿದರೆ ಅಂತಹ ಪತ್ರವನ್ನು ರದ್ದುಪಡಿಸಿಕೊಳ್ಳಲು 2007ರ ಹಿರಿಯ ನಾಗರಿಕರ ಕಾಯಿದೆಯಲ್ಲಿ ಅವಕಾಶವಿದೆ.

ಕೋರ್ಟಿಗೆ ಹೋಗಲೇಬಾರದೆಂದು ನಾವು ಹೇಳುತ್ತಿಲ್ಲ. ಪಾಲು ವಂಚಿತಳಾದ ಮಗಳಿಗೆ, ಮೋಸದಿಂದ ರುಜು ಹಾಕಿಸಿಕೊಂಡ ಮುದುಕನಿಗೆ ನ್ಯಾಯಾಲಯವೇ ಗತಿ. ಅಂಥವರಿಗೆ ಮಾತನಾಡಿ ಸರಿಮಾಡಿಕೊಳ್ಳಿ ಎಂದು ಬುದ್ಧಿ ಹೇಳುವುದು ಅನ್ಯಾಯ. ಆದರೆ ಒಂದು ಮಾತನ್ನೂ ನೇರವಾಗಿ ಆಡಿ ನೋಡದೆ ಕೋರ್ಟಿನ ಮೆಟ್ಟಿಲು ಹತ್ತುವುದು ಬೇರೆ. ಹತ್ತಿದ ಮೇಲೂ ದಾರಿ ಮುಚ್ಚಿಲ್ಲ. ಬೆಂಗಳೂರಿನಲ್ಲಿ 2007ರಲ್ಲಿಯೇ ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಜಿಲ್ಲೆಗಳಲ್ಲಿಯೂ ಈ ವ್ಯವಸ್ಥೆ ಇದೆ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಮರಳುತ್ತದೆ, ಆ ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ.

ಇದಕ್ಕಿಂತ ಮೊದಲು ಮನೆಯಲ್ಲಿ ಮಾಡಬಹುದಾದದ್ದು ಒಂದಿದೆ. ವರ್ಷಕ್ಕೊಮ್ಮೆ, ಕಾಫಿ ಅಡಿಕೆ ಮಾರಾಟ ಮುಗಿದು ಸಂಘದಿಂದ ಲೆಕ್ಕದ ಪಟ್ಟಿ ಬಂದ ವಾರ, ತಂದೆ, ತಾಯಿ, ಗಂಡು ಹೆಣ್ಣು ಮಕ್ಕಳು ಜಗಲಿಯಲ್ಲಿ ಕುಳಿತು ಆ ಪಟ್ಟಿಯನ್ನು ಓದಲಿ. ಬಂದದ್ದೆಷ್ಟು, ಸಾಲವೆಷ್ಟು, ದುಡಿದವರಿಗೆ ಸಲ್ಲಬೇಕಾದದ್ದೆಷ್ಟು, ಮುಂದೆ ಯಾರಿಗೆ ಯಾವುದು ಎಂಬ ಮಾತು ತಂದೆಯ ಬಾಯಿಂದಲೇ ಬರಲಿ. ಒಪ್ಪಿದ್ದನ್ನು ಬರೆದು ನೋಂದಾಯಿಸಲಿ. ಮಾತು ಬಿಸಿಯಾದೀತು, ಆಗಲಿ. ಜಗಲಿಯ ಜಗಳಕ್ಕೆ ವಕೀಲರ ಫೀಸಿಲ್ಲ. ಯಾವ ಸದಸ್ಯರಾದರೂ ಕೇಳಿದರೆ ಅವರ ಖಾತೆಯ ಹಿಂದಿನ ವರ್ಷಗಳ ಲೆಕ್ಕವನ್ನು ಬರೆದುಕೊಡಲು ಸಂಘದ ಕಚೇರಿ ಸಿದ್ಧವಿದೆ. ಸಮನ್ಸ್ ಇಲ್ಲದೆಯೂ ಕೊಡುತ್ತೇವೆ.

ಆ ಬೆಂಚಿನ ತಂದೆ ಮಗನ ದಾವೆ ಈಗಲೂ ಮುಗಿದಿಲ್ಲ. ಈ ಸಂಚಿಕೆ ಇಬ್ಬರ ಕೈಗೂ ಸೇರುತ್ತದೆ; ಇಬ್ಬರೂ ಚಂದಾ ಕಟ್ಟಿದ್ದಾರೆ. ಮುಂದಿನ ಮಳೆಗಾಲದಲ್ಲಿ ಕೊಳೆ ಔಷಧಿಯ ವಿಚಾರವನ್ನು ನಮ್ಮ ಮೂಲಕ ಕೇಳುವುದು ಬೇಡ, ನೇರವಾಗಿ ಕೇಳಿಕೊಳ್ಳಲಿ ಎಂದು ಇಬ್ಬರಲ್ಲಿಯೂ ನಮ್ಮ ವಿನಂತಿ.